ಬಿಷಪ್ಪರ ಬೈಗುಳ, ನಮ್ಮ ಬಿರುದು

ಲಂಡನ್ನಿನಲ್ಲಿ ನಾವು ರಾಜ್ಯೋತ್ಸವ ಮಾಡುವಾಗ ಹಳೆಗಾಲದ ಹೆಂಗಸರ ಮಾತು ಬಂದರೆ ಬಿರುದುಗಳೇ ಜಾಸ್ತಿ. ದಾನಚಿಂತಾಮಣಿ ಅತ್ತಿಮಬ್ಬೆ ಅಂದ ಕೂಡಲೇ ಚಪ್ಪಾಳೆ. ಅಲ್ಲಿಗೆ ಅವಳ ಕಥೆ ಮುಗಿಯಿತು. ಇದೇ ಊರಿನಲ್ಲಿ ಪಾಠ ಹೇಳಿದ ಇತಿಹಾಸಗಾರ್ತಿ ಐಲೀನ್ ಪವರ್ ಅವರ ದಾರಿ ನನಗೆ ಇದಕ್ಕಿಂತ ಹಿಡಿಸುತ್ತದೆ.

ಪವರ್ ಹುಟ್ಟಿದ್ದು 1889ರಲ್ಲಿ. ಕೇಂಬ್ರಿಜ್‌ನ ಗರ್ಟನ್ ಕಾಲೇಜಿನಲ್ಲಿ ಓದಿ ಮೊದಲ ದರ್ಜೆಯಲ್ಲಿ ಪಾಸಾದರು. ಆದರೆ ಕೇಂಬ್ರಿಜ್ ಹೆಂಗಸರಿಗೆ ಪೂರ್ತಿ ಪದವಿ ಕೊಡಲು ಶುರು ಮಾಡಿದ್ದು 1948ರಲ್ಲಿ. ಅಷ್ಟು ಹೊತ್ತಿಗೆ ಪವರ್ ತೀರಿಕೊಂಡು ಎಂಟು ವರ್ಷವಾಗಿತ್ತು. ಇಲ್ಲಿನವರೆಲ್ಲ ಮೊದಲಿಂದಲೂ ಮುಂದಿದ್ದರು ಅನ್ನುವ ನಮ್ಮ ಗೆಳೆಯರಿಗೆ ಇದನ್ನು ಆಗಾಗ ನೆನಪಿಸುತ್ತೇನೆ.

1922ರಲ್ಲಿ ಅವರು ಇಂಗ್ಲೆಂಡಿನ ಸನ್ಯಾಸಿನಿಯರ ಮಠಗಳ ಬಗ್ಗೆ ದಪ್ಪ ಪುಸ್ತಕ ಬರೆದರು. ಅದರಲ್ಲಿ ಸಂತರ ಗುಣಗಾನ ಹುಡುಕಬೇಡಿ. ಮಠಗಳ ಜಮಾಖರ್ಚು, ತಪಾಸಣೆಗೆ ಹೋದ ಬಿಷಪ್ಪರು ಬರೆಸಿಟ್ಟ ದೂರುಗಳು, ಇವೇ ಅದರ ಬಂಡವಾಳ. 1387ರಲ್ಲಿ ವಿಂಚೆಸ್ಟರ್‌ನ ಬಿಷಪ್ ರಾಮ್ಸಿ ಮಠದವರನ್ನು ಬೈದು ಕಾಗದ ಬರೆಯುತ್ತಾನೆ: ಹಕ್ಕಿ, ಮೊಲ, ನಾಯಿಗಳನ್ನು ಚರ್ಚಿಗೆ ತರಬೇಡಿ, ನಿಮಗೆ ಪ್ರಾರ್ಥನೆಗಿಂತ ಅವುಗಳ ಮೇಲೇ ಗಮನ ಅಂತ. ಓದಿದರೆ ನಗು ಬರುತ್ತದೆ, ಅಲ್ವಾ? ಪವರ್ ಇಂಥ ಬೈಗುಳದಿಂದಲೇ ಆ ಹೆಂಗಸರ ದಿನನಿತ್ಯವನ್ನು ಹೊರಗೆ ತೆಗೆದರು. ಒಂದೇ ನಿಯಮವನ್ನು ಮತ್ತೆ ಮತ್ತೆ ಹೇಳಬೇಕಾಗಿದೆ ಅಂದರೆ ಯಾರೂ ಕೇಳುತ್ತಿರಲಿಲ್ಲ ಅಂತ ತಾನೇ. ಸಾಲ ಮಾಡಿದ ಮಠಗಳು, ಬಡ ಮಠಗಳು, ಮದುವೆ ಬದಲು ಮಠಕ್ಕೆ ಸೇರಿದ ಸಿರಿವಂತರ ಹೆಣ್ಣುಮಕ್ಕಳು, ಎಲ್ಲ ಅಲ್ಲಿದ್ದಾರೆ.

ಅವರು ಇಂಡಿಯಾಕ್ಕೂ ಬಂದಿದ್ದರು. 1920ರ ಡಿಸೆಂಬರಿನಲ್ಲಿ ನಾಗಪುರ ಕಾಂಗ್ರೆಸ್ ಅಧಿವೇಶನದಲ್ಲಿದ್ದರು. ಭಾಷಾವಾರು ಪ್ರಾಂತ ಸಮಿತಿಗಳಿಗೆ ಒಪ್ಪಿಗೆ ಸಿಕ್ಕಿ, ಕರ್ನಾಟಕಕ್ಕೆ ತನ್ನದೇ ಕಾಂಗ್ರೆಸ್ ಸಮಿತಿ ಬರಲು ದಾರಿಯಾದದ್ದು ಅದೇ ಅಧಿವೇಶನದಲ್ಲಿ. ಮರುವರ್ಷ ಪವರ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು, 1931ರಲ್ಲಿ ಪ್ರೊಫೆಸರ್ ಆದರು.

ನಮ್ಮಲ್ಲೇನು ದಾಖಲೆಗೆ ಬರವಿಲ್ಲ. ರೈಸ್ ಸಾಹೇಬರು ಶುರು ಮಾಡಿದ, ಶಾಸನಗಳನ್ನು ಅಚ್ಚು ಹಾಕಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳನ್ನು ತೆರೆದರೆ ಭೂಮಿ ಬಿಟ್ಟವರು, ದೀಪಕ್ಕೆ ಎಣ್ಣೆ ಕೊಟ್ಟವರು, ಕೆರೆ ಕಟ್ಟಿಸಿದವರು ಸಾಲುಗಟ್ಟಿ ಸಿಗುತ್ತಾರೆ. ಅವರಲ್ಲಿ ಹೆಂಗಸರೂ ಇದ್ದಾರೆ. ವಿದ್ವಾಂಸರು ಇವುಗಳ ಮೇಲೆ ದುಡಿದಿದ್ದಾರೆ, ನಿಜ. ಆದರೆ ವೇದಿಕೆಯ ಮೇಲೆ ಬರುವುದು ಬಿರುದು ಮಾತ್ರ.

ಅತ್ತಿಮಬ್ಬೆಯನ್ನೇ ನೋಡಿ. ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಸಿ ಹಂಚಿದಳು ಅನ್ನುತ್ತೇವೆ. ಅಷ್ಟು ಓಲೆ ಎಲ್ಲಿಂದ ತರಿಸಿದಳು? ಎಷ್ಟು ಜನ ಕೂತು ಬರೆದರು, ಅವರಿಗೆ ಕೂಲಿ ಏನು? ತಪ್ಪು ತಿದ್ದಿದವರು ಯಾರು? ಹೀಗೆ ಕೇಳಿದರೆ ಅವಳ ದೊಡ್ಡತನ ಕಡಿಮೆಯಾಗುತ್ತದೆ ಅಂತ ಒಬ್ಬ ಹಿರಿಯರು ನನ್ನ ಮೇಲೆ ಸಿಟ್ಟಾದರು. ನನಗೆ ಉಲ್ಟಾ ಅನಿಸುತ್ತದೆ. ದಾನ ಮಾಡಲು ದುಡ್ಡಿದ್ದರೆ ಸಾಕು. ಸಾವಿರ ಪ್ರತಿ ಬರೆಸಿ ಮುಗಿಸಲು ಕೆಲಸ ಗೊತ್ತಿರಬೇಕು.