ಟೆಕ್ಸಾಸ್‌ನ ಲೈಸೆನ್ಸ್, ದುರ್ಗದ ಗಾಳಿ

ರಜೆಗೆ ಚಿತ್ರದುರ್ಗಕ್ಕೆ ಬಂದಾಗಲೆಲ್ಲ ಅಪ್ಪ ಕೇಳುವುದು ಒಂದೇ: “ಅಲ್ಲಿ ವಿಮಾನ ಹಾರಿಸುತ್ತೀಯ, ಇಲ್ಲಿ ಯಾಕಪ್ಪ ಬಿಡುವುದಿಲ್ಲ?”

ಟೆಕ್ಸಾಸ್‌ನಲ್ಲಿ ಪಡೆದ ನನ್ನ ಪ್ರೈವೇಟ್ ಪೈಲಟ್ ಲೈಸೆನ್ಸ್ ಇಲ್ಲಿ ಹಾಗೆಯೇ ನಡೆಯುವುದಿಲ್ಲ. ಭಾರತದ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ನಡೆಸುವ ಏರ್ ರೆಗ್ಯುಲೇಷನ್ಸ್ (ಹಾರಾಟದ ನಿಯಮಗಳು) ಪರೀಕ್ಷೆಯಲ್ಲಿ ಶೇ 70 ಅಂಕ ಬೇಕು. ಇಲ್ಲಿನ ವೈದ್ಯಕೀಯ ತಪಾಸಣೆಯೂ ಆಗಬೇಕು. ಅಮೆರಿಕದ ರೀತಿ ಬೇರೆ. ಭಾರತದ ಲೈಸೆನ್ಸ್ ಇದ್ದವರು ಅಲ್ಲಿ ಅರ್ಜಿ ಹಾಕಿದರೆ, ಅದು ಅಸಲಿಯೇ ಎಂದು ಅಲ್ಲಿನ ನಿಯಂತ್ರಕ ಸಂಸ್ಥೆ ಎಫ್‌ಎಎ ಡಿಜಿಸಿಎಯನ್ನೇ ವಿಚಾರಿಸುತ್ತದೆ. ಖಾಸಗಿ ಹಾರಾಟಕ್ಕೆ ಲಿಖಿತ ಪರೀಕ್ಷೆ ಇಲ್ಲ. ಬೋಧಕರ ಜೊತೆ ಕನಿಷ್ಠ ಒಂದು ಗಂಟೆ ಪಾಠ, ಒಂದು ಗಂಟೆ ಹಾರಾಟ ಮುಗಿಸಿದರೆ ಸಾಕು. ಆದರೆ ಮೂಲ ಲೈಸೆನ್ಸ್ ರದ್ದಾದರೆ ಅಲ್ಲಿನದೂ ನಡೆಯದು.

ಇಲ್ಲಿನ ಪರೀಕ್ಷೆಯನ್ನು ಕಿರುಕುಳ ಎನ್ನುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಆಲ್ಟಿಮೀಟರಿನ ಪುಟ್ಟ ಕಿಂಡಿಯಲ್ಲಿ, ಪಾದರಸದ ಇಂಚಿನ ಲೆಕ್ಕದ 29.92ರ ಆಸುಪಾಸಿನ ಅಂಕಿ ಕೂರಿಸುವುದು ನನ್ನ ಬೆರಳುಗಳಿಗೆ ರೂಢಿ. ಇಲ್ಲಿ ಅದೇ ಒತ್ತಡವನ್ನು ಹೆಕ್ಟೊಪ್ಯಾಸ್ಕಲ್ ಎಂಬ ಇನ್ನೊಂದು ಮಾನದಲ್ಲಿ 1013 ಎನ್ನುತ್ತಾರೆ. ಒಂದು ಹೆಕ್ಟೊಪ್ಯಾಸ್ಕಲ್ ತಪ್ಪಿದರೆ ಎತ್ತರದಲ್ಲಿ ಸುಮಾರು 30 ಅಡಿ ತಪ್ಪುತ್ತದೆ. ಟೆಕ್ಸಾಸ್‌ನ ಹಳ್ಳಿಗಾಡಿನ ಮೇಲೆ ಹಗಲು ಹಾರಲು ನಾನು ಯಾರಿಗೂ ಹೇಳಬೇಕಿಲ್ಲ. ಇಲ್ಲಿ ಹಾರಾಟದ ವಿವರ ಬರೆದ ಫ್ಲೈಟ್ ಪ್ಲಾನ್ ಕೊಟ್ಟು, ವಾಯುರಕ್ಷಣೆಯ ಅನುಮತಿ ಸಂಖ್ಯೆ ಪಡೆದೇ ಮೇಲೇರಬೇಕು. ನಮ್ಮ ಚಳ್ಳಕೆರೆಯ ಬಳಿಯೇ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯವಿದೆ. ಅದನ್ನು ತಿಳಿಯದವನು ಈ ಆಕಾಶಕ್ಕೆ ಬರಲೇಬಾರದು.

ಹಾಗೆಂದು ಪುಸ್ತಕ ಓದಿ ಬರೆದರೆ ಮುಗಿಯಿತೇ? ಅಪ್ಪ ಬಸ್ ಓಡಿಸಿದವರು. ಬಯಲುಸೀಮೆಯಲ್ಲಿ ಪಳಗಿದ ಅವರಿಗೂ ಮೊದಲ ಸಲ ಚಾರ್ಮಾಡಿ ಘಾಟಿಗೆ ಹೋದಾಗ ಸ್ಟೀರಿಂಗ್ ಕೊಡಲಿಲ್ಲವಂತೆ. ಹಳೆಯ ಚಾಲಕರ ಪಕ್ಕ ಕೂತು ಒಂದು ವಾರ ತಿರುವುಗಳನ್ನು ನೋಡಿದ್ದರು; ಯಾವ ತಿರುವಿನಲ್ಲಿ ಯಾವ ಗೇರ್ ಎಂಬುದನ್ನು ಈಗಲೂ ಕೈಯಾಡಿಸಿ ತೋರಿಸುತ್ತಾರೆ. ಆ ಲೆಕ್ಕದಲ್ಲಿ ಅಮೆರಿಕದ ಒಂದು ಗಂಟೆ ತೀರಾ ಕಡಿಮೆ. ಬೋಧಕರ ಜೊತೆಗಿನ ಹಾರಾಟ ಬೇಕೆನ್ನುವ ಅವರ ಕ್ರಮ ಸರಿ, ಅವಧಿ ಸಾಲದು.

ನೆನ್ನೆ ಜೋಗಿಮಟ್ಟಿ ಗುಡ್ಡಕ್ಕೆ ಹೋಗಿದ್ದೆವು. ಆಷಾಢದ ಗಾಳಿಗೆ ಅಪ್ಪನ ಪಂಚೆ ಪಟಪಟ ಬಡಿಯುತ್ತಿತ್ತು, ಎದುರಿನ ಗಾಳಿಯಂತ್ರಗಳೆಲ್ಲ ಪಡುವಣಕ್ಕೆ ಮುಖ ಮಾಡಿದ್ದವು. ಈ ಗುಡ್ಡಗಳ ಮರೆಯಲ್ಲಿ ಗಾಳಿ ಹೇಗೆ ಸುಳಿಯುತ್ತದೆಂದು ನನಗೆ ಗೊತ್ತಿಲ್ಲ. ಪರೀಕ್ಷೆ ಬರೆಯುತ್ತೇನೆ. ಆಮೇಲೆ ಇದನ್ನು ಬಲ್ಲ ಬೋಧಕರೊಬ್ಬರ ಪಕ್ಕ, ಅಪ್ಪ ಕೂತ ಹಾಗೆ, ಒಂದು ವಾರ ಕೂರುತ್ತೇನೆ.