ಥೋರೋ ಮನೆಯ ಪೆನ್ಸಿಲ್

ಹತ್ತೊಂಬತ್ತನೇ ಶತಮಾನದ ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ ಎಂದ ಕೂಡಲೇ ಎಲ್ಲರಿಗೂ ಅವನು ಒಬ್ಬನೇ ಬದುಕಿದ ವಾಲ್ಡನ್ ಕೊಳ, ಕಾಡಿನ ಗುಡಿಸಲು ನೆನಪಾಗುತ್ತವೆ. ನನಗೆ ಮೊದಲು ನೆನಪಾಗುವುದು ಪೆನ್ಸಿಲ್. ನಾವು ಋಷಿಯ ಸಾಲಿನಲ್ಲಿ ಕೂರಿಸಿಬಿಟ್ಟಿರುವ ಈ ಮನುಷ್ಯನ ಉಗುರಿನ ಸಂದಿಯಲ್ಲೆಲ್ಲ ಕಪ್ಪು ಪುಡಿ ಮೆತ್ತಿಕೊಂಡಿದ್ದಿರಬೇಕು, ಅಲ್ವಾ?

ಇದಕ್ಕೆಲ್ಲ ಕಾರಣ ಸೋದರಮಾವ. 1821ರಲ್ಲಿ ಚಾರ್ಲ್ಸ್ ಡನ್‌ಬಾರ್ ಎಂಬ ಈ ಮಾವನಿಗೆ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಗ್ರಾಫೈಟ್, ಅಂದರೆ ಪೆನ್ಸಿಲ್ ಕಡ್ಡಿಗೆ ಬೇಕಾದ ಕಪ್ಪು ಖನಿಜ, ಸಿಕ್ಕಿತು. ಸ್ವಲ್ಪ ದಿನಕ್ಕೆ ಅಪ್ಪ ಜಾನ್ ಥೋರೋ ಕಾಂಕರ್ಡ್ ಊರಿನಲ್ಲಿ ಪೆನ್ಸಿಲ್ ಮಾಡಲು ಕೂತ. ಆಗಿನ ಅಮೆರಿಕದ ಪೆನ್ಸಿಲ್ ಅಂದರೆ ಗೋಳು. ಗ್ರಾಫೈಟ್ ಪುಡಿಗೆ ಅಂಟು, ಮೇಣ, ತಿಮಿಂಗಿಲದ ತಲೆಯಿಂದ ತೆಗೆದ ಕೊಬ್ಬು ಎಲ್ಲ ಬೆರೆಸಿ ಮರದೊಳಗೆ ತುಂಬುತ್ತಿದ್ದರು. ಬರೆದರೆ ಒಂದು ಕಡೆ ಜಿಡ್ಡು, ಇನ್ನೊಂದು ಕಡೆ ಮರಳಿನ ಹಾಗೆ ಗರಗರ.

1837ರಲ್ಲಿ ಹಾರ್ವರ್ಡ್ ಮುಗಿಸಿದ ಮಗ, ಸಿಕ್ಕ ಮೇಷ್ಟರ ಕೆಲಸವನ್ನು ಕೆಲವೇ ದಿನಕ್ಕೆ ಬಿಟ್ಟು ಅಪ್ಪನ ಕೆಲಸಕ್ಕೆ ಕೈಹಾಕಿದ. ಗ್ರಾಫೈಟಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿದ್ಯೆ ಫ್ರಾನ್ಸಿನ ಕಾಂಟೆ ಎಂಬಾತನಿಗೆ 1795ರಲ್ಲೇ ಗೊತ್ತಿತ್ತು. ಅಮೆರಿಕದಲ್ಲಿ ಹೇಳಿಕೊಡುವವರು ಯಾರು? ಥೋರೋ ತಾನೇ ದಾರಿ ಹುಡುಕಿದ. ಮಣ್ಣು ಜಾಸ್ತಿಯಾದರೆ ಪೆನ್ಸಿಲ್ ಗಟ್ಟಿ, ಕಮ್ಮಿಯಾದರೆ ಮೆತ್ತಗೆ. ಹಾಗೆ 1ರಿಂದ 4ರವರೆಗೆ ನಂಬರ್ ಹಾಕಿ ಮಾರಿದರು.

ನನಗೆ ಇನ್ನೂ ಇಷ್ಟ ಗ್ರಾಫೈಟನ್ನು ಪುಡಿ ಮಾಡುವ ಅವರ ಬೀಸುವ ಯಂತ್ರ. ಬೀಸುಕಲ್ಲಿನ ಸುತ್ತ ಆಳೆತ್ತರಕ್ಕೂ ಮೀರಿದ ಒಂದು ಪೆಟ್ಟಿಗೆ. ಹಿಟ್ಟಿನ ಗಿರಣಿಯಲ್ಲಿ ಹಾರುವ ಹಿಟ್ಟಿನಂತೆ ತೀರಾ ನಯವಾದ ಪುಡಿ ಮಾತ್ರ ಗಾಳಿಗೆ ಮೇಲೇರಿ ಅಲ್ಲೇ ಕೂರುತ್ತಿತ್ತು. ತರಿ ಕೆಳಗೆ ಬಿದ್ದು ಮತ್ತೆ ಕಲ್ಲಿನಡಿಗೆ. ಜರಡಿ ಬೇಕಿಲ್ಲ! ಅವನ ಕೈ ಪಳಗಿದ್ದು ಎಷ್ಟೆಂದರೆ, ರಾಶಿಗೆ ಕೈಹಾಕಿದರೆ ಪ್ರತಿಸಲವೂ ಸರಿಯಾಗಿ ಹನ್ನೆರಡೇ ಪೆನ್ಸಿಲ್ ಬರುತ್ತಿದ್ದವು ಎಂದು ಲೇಖಕ ಗೆಳೆಯ ಎಮರ್ಸನ್ ಬರೆದಿದ್ದಾನೆ.

ಇಷ್ಟಾದ ಮೇಲೆ ಥೋರೋ, ಇನ್ನು ಪೆನ್ಸಿಲ್ ಮಾಡುವುದಿಲ್ಲ, ಒಮ್ಮೆ ಮಾಡಿದ್ದನ್ನು ಮತ್ತೆ ಯಾಕೆ ಮಾಡಲಿ ಎಂದನಂತೆ. ಮಾತು ಚೆನ್ನಾಗಿದೆ. ಸಾಲ ಕೊಟ್ಟವರು ಬಿಡಬೇಕಲ್ಲ. ನೂರು ಡಾಲರ್ ಸಾಲ ತೀರಿಸಲು ಸಾವಿರ ಡಾಲರಿನ ಪೆನ್ಸಿಲ್ ಮಾಡಿ, ಕೊನೆಗೆ ಬಂದಷ್ಟಕ್ಕೆ ಮಾರಬೇಕಾಯಿತು ಎಂದು ತಾನೇ ದಿನಚರಿಯಲ್ಲಿ ಗೊಣಗಿದ್ದಾನೆ. ಸಾವಿರ ಪ್ರತಿ ಅಚ್ಚಾದ ಅವನ ಮೊದಲ ಪುಸ್ತಕದ ಗತಿಯೂ ಅಷ್ಟೆ. 1853ರಲ್ಲಿ 706 ಪ್ರತಿ ಮಾರಾಟವಾಗದೆ ಮನೆಗೆ ವಾಪಸ್ ಬಂದವು. ತನ್ನ ಲೈಬ್ರರಿಯಲ್ಲಿ ಈಗ ಸುಮಾರು ಒಂಬೈನೂರು ಪುಸ್ತಕಗಳಿವೆ, ಏಳುನೂರಕ್ಕೂ ಜಾಸ್ತಿ ತಾನೇ ಬರೆದದ್ದು ಎಂದು ನಕ್ಕುಕೊಂಡ, ಪಾಪ.

ಅಷ್ಟರಲ್ಲಿ ಮನೆಯವರು ಪೆನ್ಸಿಲ್‌ಗಿಂತ ಲಾಭದ ದಾರಿ ಹಿಡಿದಿದ್ದರು. ಅಚ್ಚಿನ ಫಲಕ ಮಾಡುವವರಿಗೆ ನಯವಾದ ಗ್ರಾಫೈಟ್ ಬೇಕಿತ್ತು, ಒಳ್ಳೆಯ ಬೆಲೆಯನ್ನೂ ಕೊಡುತ್ತಿದ್ದರು. ಕೊನೆಗೆ ಥೋರೋ ಮನೆ ನಡೆಸಿದ್ದು ಅವನ ಪುಸ್ತಕ ಅಲ್ಲ, ಬೇರೆಯವರ ಪುಸ್ತಕ ಅಚ್ಚು ಮಾಡಲು ಮಾರಿದ ಆ ಪುಡಿ.