‘ನೈಸ್’ ಅಂದರೆ ಬೈಗುಳವಂತೆ!

‘ಯಾರಾದರೂ ನಿಮ್ಮನ್ನು ನೈಸ್ ಅಂದರೆ ಹಿಗ್ಗಬೇಡಿ, ಆ ಪದದ ನಿಜವಾದ ಅರ್ಥ ದಡ್ಡ’ ಎಂಬ ಫಾರ್ವರ್ಡ್ ಆಗಾಗ ತಿರುಗುತ್ತಿರುತ್ತದೆ. ಅದರಲ್ಲಿರುವ ಚರಿತ್ರೆ ಸರಿಯೇ. ಸರಿಯಿಲ್ಲದ್ದು ‘ನಿಜವಾದ’ ಅನ್ನೋ ಮಾತು.

ಮೂಲ ಲ್ಯಾಟಿನ್ನಿನ ‘ನೆಸ್ಕಿಯುಸ್’. ‘ನೆ’ ಅಂದರೆ ಇಲ್ಲ, ‘ಸ್ಕೀರೆ’ ಅಂದರೆ ತಿಳಿಯುವುದು. ಸೈನ್ಸ್ ಪದ ಬಂದದ್ದೂ ಇದೇ ‘ಸ್ಕೀರೆ’ಯಿಂದ. ಹಳೆಯ ಫ್ರೆಂಚ್ ದಾಟಿ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ನೈಸ್ ಅಂದರೆ ಪೆದ್ದ, ಬುದ್ಧಿಗೇಡಿ. 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರನ ಬರಹದಲ್ಲಿ ಈ ಅರ್ಥ ಸಿಗುತ್ತದೆ.

ಆಮೇಲಿನದು ನೇರ ದಾರಿಯಲ್ಲ. ಅತಿ ನಾಜೂಕು, ಎಲ್ಲಕ್ಕೂ ಮೂಗು ಮುರಿಯುವವ, ಸಡಿಲ ನಡತೆಯವ, ಕ್ಷುಲ್ಲಕ, ಕರಾರುವಾಕ್ಕು ಎಲ್ಲವೂ ಆಯಿತು. ‘ರೋಮಿಯೋ ಅಂಡ್ ಜೂಲಿಯೆಟ್’ನಲ್ಲಿ ಪಾದ್ರಿ ಲಾರೆನ್ಸ್ ತನ್ನ ಪತ್ರ ನೈಸ್ ಆದದ್ದಲ್ಲ ಅನ್ನುತ್ತಾನೆ. ಪತ್ರ ಚೆನ್ನಾಗಿರಲಿಲ್ಲ ಅಂತಲ್ಲ, ಅದು ಕ್ಷುಲ್ಲಕವಾದದ್ದಲ್ಲ, ತೂಕದ್ದು ಅಂತ. 16, 17ನೇ ಶತಮಾನದ ಎಷ್ಟೋ ವಾಕ್ಯಗಳಲ್ಲಿ ಯಾವ ಅರ್ಥ ಹಿಡಿಯಬೇಕೆಂದು ಪಂಡಿತರಿಗೇ ತಿಣುಕಾಟ. ‘ಹಿತವಾದ, ಚೆನ್ನಾದ’ ಎಂಬ ಈಗಿನ ಅರ್ಥ ಬಲವಾದದ್ದು 18ನೇ ಶತಮಾನದಲ್ಲಿ. ಜೇನ್ ಆಸ್ಟಿನ್‌ಳ ‘ನಾರ್ಥ್ಯಾಂಗರ್ ಆ್ಯಬಿ’ ಕಾದಂಬರಿಯ ಪಾತ್ರ ಹೆನ್ರಿ ಟಿಲ್ನಿ, ಎಲ್ಲಕ್ಕೂ ನೈಸ್ ಅಂಟಿಸುವ ಚಾಳಿಯನ್ನು ಚುಡಾಯಿಸುವಷ್ಟರ ಮಟ್ಟಿಗೆ ಅದು ಸವಕಲಾಗಿತ್ತು.

ಹಳೆಯ ಅರ್ಥವೇ ಅಸಲಿ ಅನ್ನುವವರು ‘ಮುಗ್ಧ’ ಪದಕ್ಕೆ ಏನು ಹೇಳುತ್ತಾರೋ! ಮೂಢ, ಮೋಹ, ಮುಗ್ಧ ಮೂರೂ ಸಂಸ್ಕೃತದ ‘ಮುಹ್’ ಧಾತುವಿನವೇ. ದಿಕ್ಕುಗೆಟ್ಟವ, ತಿಳಿಗೇಡಿ ಎಂಬ ಅರ್ಥವೂ ಇದ್ದ ಪದವನ್ನು ನಾವು ಮಕ್ಕಳ ನಗುವಿಗೆ ಬಳಸುತ್ತೇವೆ. ಅದನ್ನು ಬೈಗುಳ ಅನ್ನೋಣವೇ? ಇಂಗ್ಲಿಷಿನಲ್ಲೇ ಇದರ ತಿರುವುಮುರುವೂ ಇದೆ: ‘ಸಿಲ್ಲಿ’ಯ ಮೂಲರೂಪಕ್ಕೆ ಭಾಗ್ಯವಂತ, ಧನ್ಯ ಎಂಬ ಅರ್ಥವಿತ್ತು, ಈಗ ಪೆದ್ದು.

ಅನುವಾದ ಮಾಡುವವರು ಎಡವುವುದು ಬೇರೆ ಕಡೆ. ಕರಾರುವಾಕ್ಕು, ಸೂಕ್ಷ್ಮ ಎಂಬ ಅರ್ಥ ಸತ್ತಿಲ್ಲ. ವಾಟರ್ಲೂ ಕದನ (1815) ಮುಗಿದ ಮೇಲೆ, ನೆಪೋಲಿಯನ್ನನನ್ನು ಅಲ್ಲಿ ಸೋಲಿಸಿದ ಬ್ರಿಟಿಷ್ ಸೇನಾಪತಿ ವೆಲ್ಲಿಂಗ್ಟನ್ ಅದನ್ನು ‘ನೈಸ್ ಥಿಂಗ್’ ಎಂದದ್ದು ಯುದ್ಧ ಸೊಗಸಾಗಿತ್ತೆಂದಲ್ಲ, ಕೂದಲೆಳೆಯಲ್ಲಿ ಗೆದ್ದೆವು ಎಂದು. ಕಾನೂನಿನ ಬರಹದಲ್ಲಿ ‘ನೈಸ್ ಪಾಯಿಂಟ್’ ಬಂದರೆ ಅದು ಎತ್ತ ಬೇಕಾದರೂ ವಾಲಬಹುದಾದ ನವಿರು ಪ್ರಶ್ನೆ. ‘ಒಳ್ಳೆಯ ಅಂಶ’ ಎಂದು ಬರೆದರೆ ಇಡೀ ಪ್ಯಾರಾ ಕೆಟ್ಟಿತು. ಮುಂದಿನ ನಾಮಪದ ನೋಡಿ. ಪ್ರಶ್ನೆ, ವ್ಯತ್ಯಾಸ, ಸಮತೋಲ, ತೀರ್ಮಾನ ಇದ್ದರೆ ಮೊದಲು ‘ಸೂಕ್ಷ್ಮ’ ಇಟ್ಟು ಓದಿ. ಮನುಷ್ಯ, ಊಟ, ಹವೆ ಇದ್ದರೆ ‘ಒಳ್ಳೆಯ, ಚೆನ್ನಾದ’ ಸಾಕು. ‘ನೈಸ್ ಅಂಡ್ ಹಾಟ್’ ಅಂದಾಗ ನೈಸ್‌ಗೆ ಬೇರೆ ಅನುವಾದವೇ ಬೇಡ, ಕನ್ನಡದಲ್ಲಿ ‘ಬಿಸಿಬಿಸಿ’.

ಇನ್ನು ನಮ್ಮ ನೈಸ್. (ಬೆಂಗಳೂರಿನ ನೈಸ್ ರಸ್ತೆ ಬಿಡಿ, ಅದು ಕಂಪನಿಯ ಹೆಸರಿನ ಮೊದಲಕ್ಷರಗಳು.) ಕನ್ನಡದಲ್ಲಿ ಅದು ಹೆಚ್ಚಾಗಿ ನುಣುಪು: ಗೋಡೆ ನೈಸಾಗಿದೆ, ಹಿಟ್ಟು ನೈಸಾಗಿ ರುಬ್ಬಿ. ‘ನೈಸಾಗಿ ಜಾರಿಕೊಂಡ’ ಅಂದರೆ ಸದ್ದಿಲ್ಲದೆ, ‘ನೈಸ್ ಮಾಡಿ ಕೆಲಸ ಮಾಡಿಸಿಕೊಂಡ’ ಅಂದರೆ ಪುಸಲಾಯಿಸಿ. ಇಂಗ್ಲಿಷಿನ ಹಳೆಯ ‘ಸೂಕ್ಷ್ಮ’ವೇ ನಮ್ಮ ರುಬ್ಬುಗುಂಡಿಗೆ ಬಂತು ಎಂದು ಕಥೆ ಕಟ್ಟುವ ಆಸೆಯಾಗುತ್ತದೆ. ಅಷ್ಟು ಆತುರ ಬೇಡ, ‘ಚೆನ್ನಾಗಿ’ಯಿಂದ ‘ನುಣ್ಣಗೆ’ಗೆ ಒಂದೇ ಹೆಜ್ಜೆ. ಆದರೆ ಇದನ್ನು ಕೆಟ್ಟ ಇಂಗ್ಲಿಷ್ ಎಂದು ತಿದ್ದುವವರು ಸುಮ್ಮನಿರಲಿ, ಇದು ಈಗ ಕನ್ನಡ ಪದ. ತಿದ್ದಬೇಕಾದದ್ದು ಅಡುಗೆ ವಿಧಾನವನ್ನು ಇಂಗ್ಲಿಷಿಗೆ ಒಯ್ಯುವಾಗ ಮಾತ್ರ. ಉದ್ದಿನಬೇಳೆಯನ್ನು ‘ನೈಸ್’ ಆಗಿ ರುಬ್ಬಿ ಎಂದು ಹಾಗೇ ದಾಟಿಸಿದರೆ ಲಂಡನ್ನಿನವರಿಗೆ ಏನೂ ತಿಳಿಯದು. ಅಲ್ಲಿ ‘ಸ್ಮೂತ್’ ಅನ್ನಿ. ಇಡ್ಲಿ ರವೆಯ ತರಿಗೆ ‘ಕೋರ್ಸ್’ (coarse).